ಮಾಸ್ತರರು ಕೈಬಿಟ್ಟ ಪ್ರಶ್ನೆ

ಯಾರಾದರೂ ಎದುರು ಕುಳಿತು ಮಾತಾಡುತ್ತಿದ್ದರೆ ಮಾಸ್ತರರ ಹತ್ತೂ ಬೆರಳುಗಳು ತೊಡೆಯ ಮೇಲೆ ಸಣ್ಣಗೆ ಕುಣಿಯುತ್ತಿದ್ದವು. ಮೊದಲ ಸಲ ನೋಡಿದವರು ಅದನ್ನು ನರದ ಕಾಯಿಲೆ ಎಂದುಕೊಳ್ಳುತ್ತಿದ್ದರು. ಎದುರಿನವರ ಮಾತನ್ನು ಅವರು ಪಂಚೆಯ ಮೇಲೆ ಟೈಪು ಮಾಡಿಕೊಳ್ಳುತ್ತಿದ್ದರು ಎಂಬುದು ತಿಳಿಯಲು ಒಂದೆರಡು ಭೇಟಿ ಬೇಕಾಗುತ್ತಿತ್ತು. ವಾಕ್ಯ ಮುಗಿದಾಗ ಬಲಗೈಯ ಉಂಗುರಬೆರಳು ಒಮ್ಮೆ ಕೆಳಗೆ ಒತ್ತುತ್ತಿತ್ತು, ಅದು ಪೂರ್ಣವಿರಾಮ. ಮಾತಾಡುವವನು ವಾಕ್ಯವನ್ನು ಅರ್ಧಕ್ಕೆ ಬಿಟ್ಟು ಜಾರಿಕೊಂಡರೆ ಆ ಬೆರಳು ಎತ್ತಿದಂತೆಯೇ ನಿಂತುಬಿಡುತ್ತಿತ್ತು. ಸ್ವಲ್ಪ ಹೊತ್ತಿನಲ್ಲಿ ಅವನಿಗೇ ಮುಜುಗರವಾಗಿ ವಾಕ್ಯವನ್ನು ಪೂರ್ತಿ ಮಾಡುತ್ತಿದ್ದ.

ಹೊನ್ನಾವರ ಪೇಟೆಯಲ್ಲಿ, ಬಟ್ಟೆ ಅಂಗಡಿಯೊಂದರ ಮಾಳಿಗೆಯ ಮೇಲೆ, ಅವರು ಟೈಪಿಂಗ್ ತರಗತಿ ನಡೆಸುತ್ತಿದ್ದರು. ಅದಕ್ಕೆ ಮೊದಲು ಮೂವತ್ತು ವರ್ಷ ದೆಹಲಿಯಲ್ಲಿ, ಸಂಸತ್ತಿಗೆ ಬರುವ ಪ್ರಶ್ನೆಗಳನ್ನು ಸ್ವೀಕರಿಸಿ ಸಿದ್ಧಪಡಿಸುವ ಶಾಖೆಯಲ್ಲಿ ಬೆರಳಚ್ಚುಗಾರರಾಗಿದ್ದರು. ಸಚಿವರನ್ನು ಅವರು ಹತ್ತಿರದಿಂದ ಕಂಡದ್ದು ಕಡಿಮೆ. ಸಚಿವರನ್ನು ಇಕ್ಕಟ್ಟಿಗೆ ಸಿಲುಕಿಸುವ ವಾಕ್ಯಗಳು ಮಾತ್ರ ಸಾವಿರಗಟ್ಟಲೆ ಅವರ ಬೆರಳಿನಡಿ ಹಾದುಹೋಗಿದ್ದವು. ನಿವೃತ್ತರಾದ ಮೇಲೆ, ತೊಂಬತ್ತರ ದಶಕದ ನಡುವಿನಲ್ಲಿ, ಹೆಂಡತಿಯೊಡನೆ ಹುಟ್ಟಿದೂರಿಗೆ ಮರಳಿದರು. ಹುಟ್ಟಿದೂರು ಎಂದರೆ ನಮ್ಮ ಕುದ್ರು. ಶರಾವತಿ ಕಡಲು ಸೇರುವ ಮೊದಲು ತನ್ನ ನಡುವೆ ಉಳಿಸಿಕೊಂಡ ಒಂದು ತುಂಡು ನೆಲ. ಅದರ ಮೇಲೆ ಮೂವತ್ತು ಚಿಲ್ಲರೆ ಮನೆ, ನಾಲ್ಕನೆಯ ತರಗತಿಯವರೆಗಿನ ಒಂದು ಶಾಲೆ, ದಾಟಲು ಒಂದು ದೋಣಿ. ಬೆಳಿಗ್ಗೆ ಅದೇ ದೋಣಿಯಲ್ಲಿ ಹೊಳೆಯ ಚಿಪ್ಪುಮೀನು ಬಳಚಿನ ಬುಟ್ಟಿ ಹೊತ್ತ ನನ್ನ ಅಮ್ಮ, ಪುಸ್ತಕದ ಚೀಲದ ನಾನು, ಇಸ್ತ್ರಿ ಮಾಡಿದ ಅಂಗಿಯ ಅವರು.

ನಾವು ಅವರನ್ನು ಮಾಸ್ತರರು ಎನ್ನುತ್ತಿದ್ದೆವು. ಅವರು ನಮ್ಮನ್ನು ಮಾನ್ಯ ಸದಸ್ಯರೇ ಎನ್ನುತ್ತಿದ್ದರು.

ಹತ್ತನೆಯ ತರಗತಿಯ ಪರೀಕ್ಷೆ ಮುಗಿದ ಬೇಸಿಗೆಯಲ್ಲಿ ನಾನು ಆ ಮಾಳಿಗೆ ಹತ್ತಿದೆ. ಬೇರೆ ತರಗತಿಗಳಲ್ಲಿ ವೇಗದ ಅಭ್ಯಾಸಕ್ಕೆ ವ್ಯಾಪಾರಿ ಪತ್ರಗಳನ್ನು ಕೊಡುತ್ತಾರೆ. ಮಾಸ್ತರರು ಕೊಡುತ್ತಿದ್ದುದು ಸಂಸತ್ತಿನ ಪ್ರಶ್ನೆಗಳನ್ನು, ತಾವೇ ಕನ್ನಡಕ್ಕೆ ಇಳಿಸಿದ್ದನ್ನು. ಪ್ರತಿ ಪ್ರಶ್ನೆಗೂ ಅ, ಆ, ಇ, ಈ ಎಂದು ನಾಲ್ಕು ಭಾಗ. ಇಂಥ ಯೋಜನೆಗೆ ಹಣ ಮಂಜೂರಾಗಿದೆಯೇ? ಆಗಿದ್ದಲ್ಲಿ ವಿವರವೇನು? ಕೆಲಸ ಯಾವ ಹಂತದಲ್ಲಿದೆ? ಸ್ಥಳಕ್ಕೆ ಹೋಗಿ ಪರಿಶೀಲಿಸಿದವರು ಯಾರು, ಯಾವತ್ತು?

"ಮೊದಲ ಮೂರು ಭಾಗ ಸರ್ಕಾರಕ್ಕೆ ಕುರ್ಚಿ ಹಾಕಿ ಕೂಡ್ರಿಸುದು. ಚಹಾ ಕೊಡುದು," ಎನ್ನುತ್ತಿದ್ದರು. "ನಾಲ್ಕನೇದು ಹೊರಗಿನಿಂದ ಬಾಗಿಲು ಹಾಕಿ ಚಿಲಕ ಇಡುದು. ನಾಲ್ಕನೇದಿಲ್ಲದ ಪ್ರಶ್ನೆ ಪ್ರಶ್ನೆಯಲ್ಲ, ಉಪಚಾರ."

ರಾಜ್ಯಶಾಸ್ತ್ರ ಓದಲು ನಾನು ಮುಂದೆ ಧಾರವಾಡಕ್ಕೆ ಹೋದೆ. ಉತ್ತರದಾಯಿತ್ವ ಎಂಬ ಶಬ್ದದ ಮೇಲೆ ಅಲ್ಲಿ ಎರಡು ವರ್ಷ ಉಪನ್ಯಾಸ ಕೇಳಿದೆ. ಆ ಒಂದು ಮಾತಿಗಿಂತ ಹೆಚ್ಚಿನದನ್ನು ಯಾರೂ ಹೇಳಲಿಲ್ಲ.

ಮಾಳಿಗೆಯ ಗೋಡೆಯ ಮೇಲೆ ಒಂದು ಕರಿಹಲಗೆಯಿತ್ತು. ಅದರ ತಲೆಯ ಮೇಲೆ 'ಬಾಕಿ ಇರುವ ಆಶ್ವಾಸನೆಗಳು' ಎಂದು ದಪ್ಪಕ್ಷರ. ಸಂಸತ್ತಿನಲ್ಲಿ ಸಚಿವರು ಆಗಲೇ ಉತ್ತರ ಕೊಡಲಾಗದೆ 'ಮಾಹಿತಿ ಸಂಗ್ರಹಿಸಲಾಗುತ್ತಿದೆ' ಎಂದರೆ ಅದು ಆಶ್ವಾಸನೆಯಾಗುತ್ತದಂತೆ. ಅದು ಈಡೇರಿತೇ ಎಂದು ನೋಡಲು ಒಂದು ಸಮಿತಿಯೇ ಇದೆಯಂತೆ. ಮಾಸ್ತರರ ಸಮಿತಿ ಈ ಹಲಗೆ. ಮಾಳಿಗೆಯಲ್ಲಿ ಯಾರು ಏನೇ ಮಾತು ಕೊಟ್ಟರೂ ಹೆಸರು, ಮಾತು, ದಿನಾಂಕ ಅದರ ಮೇಲೆ ಬರುತ್ತಿದ್ದವು. ಭಟ್ಕಳದಿಂದ ಟೈಪುಯಂತ್ರದ ರಿಬ್ಬನ್ನು ತರುತ್ತಿದ್ದ ವ್ಯಾಪಾರಿಯ ಹೆಸರು ಅಲ್ಲಿ ಕಾಯಂ. ಮೆಟ್ಟಿಲು ಹತ್ತಿ ಬಂದವನು ಮೊದಲು ಹಲಗೆ ನೋಡುತ್ತಿದ್ದ.

"ಅರೆ ಮಾಸ್ತರೆ, ಕೆಂಪು ರಿಬ್ಬನ್ನು ಬೊಂಬಾಯಿಂದಲೇ ಬರ್ಲಿಲ್ಲ. ನಾನೆಂತ ಮಾಡ್ಲಿ?"

"ಅಂದ್ರೆ ಮಾಹಿತಿ ಸಂಗ್ರಹಿಸಲಾಗುತ್ತಿದೆ."

"ಹಾಂ, ಅದೇ ಅದೇ."

"ಹಂಗಾರೆ ಅಳಿಸುಕಾಗುದಿಲ್ಲ. ಮುಂದಿನ ಅಧಿವೇಶನ."

"ನಮ್ಮ ಮನೆಯೋಳೂ ಇಷ್ಟು ಲೆಕ್ಕ ಕೇಳುದಿಲ್ಲ ಮಾರಾಯ್ರೆ," ಎಂದು ಅವನು ಬೆಂಚಿನ ಮೇಲೆ ಕುಳಿತುಕೊಳ್ಳುತ್ತಿದ್ದ. ಮುಂದಿನ ತಿಂಗಳು ಕೆಂಪು ರಿಬ್ಬನ್ನು ಬಂದೇ ಬರುತ್ತಿತ್ತು.

ಮನೆಯಲ್ಲೂ ಅದೇ ಆಟ. ಸಂಸತ್ತಿನಲ್ಲಿ ಒಂದು ಇಲಾಖೆ ತನ್ನ ವರ್ಷದ ಖರ್ಚಿಗೆ ಹಣ ಕೇಳಿದಾಗ, ಆ ಬೇಡಿಕೆಯಿಂದ ನೂರು ರೂಪಾಯಿ ಕಡಿತ ಮಾಡಬೇಕೆಂದು ಸದಸ್ಯನೊಬ್ಬ ಸೂಚಿಸಬಹುದು. ನೂರು ರೂಪಾಯಿಯಿಂದ ಯಾವ ಇಲಾಖೆಯೂ ಬಡವಾಗುವುದಿಲ್ಲ. ಎದ್ದು ನಿಂತು ದೂರು ಹೇಳಲು ಅದೊಂದು ದಾರಿ. ಸಾರಿಗೆ ಉಪ್ಪು ಹೆಚ್ಚಾದ ದಿನ ಮಾಸ್ತರರು ತಟ್ಟೆಯಿಂದ ತಲೆಯೆತ್ತದೆ, "ಅಡುಗೆ ಇಲಾಖೆಯ ಬೇಡಿಕೆಯಲ್ಲಿ ನೂರು ರೂಪಾಯಿ ಕಡಿತ ಮಾಡಬೇಕೆಂದು ಸೂಚಿಸುತ್ತೇನೆ" ಎನ್ನುತ್ತಿದ್ದರು.

ಹಿರೇಗುತ್ತಿಯವರಾದ ಅವರ ಹೆಂಡತಿ ಸೌಟು ಹಿಡಿದುಕೊಂಡೇ ಉತ್ತರಿಸುತ್ತಿದ್ದರು: "ಇಲಾಖೆ ರಾಜೀನಾಮೆ ಕೊಡ್ತದೆ ಹಂಗಾರೆ. ನಾಳೆಯಿಂದ ಸದನವೇ ಒಲೆ ಊದ್ಲಿ."

ಬಜೆಟ್ ಅಧಿವೇಶನದ ಕೊನೆಯ ದಿನಗಳಲ್ಲಿ ಮಾತ್ರ ಮಾಸ್ತರರಲ್ಲಿ ನಗು ಇರುತ್ತಿರಲಿಲ್ಲ. ಗೊತ್ತುಪಡಿಸಿದ ಗಂಟೆ ಬಂದೊಡನೆ, ಚರ್ಚೆಯಾಗದೆ ಉಳಿದ ಎಲ್ಲ ಇಲಾಖೆಗಳ ಬೇಡಿಕೆಯನ್ನು ಒಟ್ಟಿಗೆ ಮತಕ್ಕೆ ಹಾಕಿ ಮುಗಿಸಿಬಿಡುವ ಪದ್ಧತಿ ಅಲ್ಲಿದೆ. ಅದಕ್ಕೆ ಗಿಲೋಟಿನ್ ಎನ್ನುತ್ತಾರೆ. ಅದು ಏನೆಂದು ಕೇಳಿದ್ದಕ್ಕೆ ಮಾಸ್ತರರು, "ಮದುವೆ ಮನೆಯ ಕೊನೇ ಪಂಕ್ತಿ ನೋಡಿದ್ಯಲ್ಲ. ಬಡಿಸುವವ ಓಡ್ತಾ ಬಂದು ಪಾಯಸ, ಸಾರು, ಮಜ್ಜಿಗೆ ಎಲ್ಲ ಒಂದೇ ಎಲೆಗೆ ಸುರಿದು ಹೋಗ್ತ. ಉಂಡವ ಯಾರು, ಉಳಿದದ್ದೆಷ್ಟು, ಕೇಳುವವರಿಲ್ಲ" ಎಂದರು. ಅದನ್ನು ಹೇಳುವಾಗ ಅವರ ದನಿಯಲ್ಲಿ ಇದ್ದ ಸಿಟ್ಟು ನಿಜವಾದದ್ದು. ಇಂದಿಗೂ ನಾನು ಅದನ್ನು ಅನುಮಾನಿಸಿಲ್ಲ. ನನ್ನ ಕಷ್ಟವಿರುವುದು ಅಲ್ಲಿಯೇ.

ಕುದ್ರುವಿಗೆ ಒಂದು ಕಾಲುಸಂಕ, ನಡೆದು ದಾಟುವಂಥ ಸಣ್ಣ ಸೇತುವೆ, ಬೇಕು ಎಂಬುದು ನನ್ನ ಅಜ್ಜನ ಕಾಲದ ಮಾತು. ಮಳೆಗಾಲದ ನಾಲ್ಕು ತಿಂಗಳು ಹೊಳೆ ಏರಿದಾಗ ದೋಣಿ ವಾರಗಟ್ಟಲೆ ನಿಲ್ಲುತ್ತದೆ. ಐದನೆಯ ತರಗತಿಯಿಂದ ಶಾಲೆ ಆಚೆ ದಡದಲ್ಲಿ. ನನಗೆ ಮಾಸ್ತರರು ಪೇಟೆಯಲ್ಲಿ ತಮ್ಮ ಅಕ್ಕನ ಮನೆಯಲ್ಲಿ ಮಳೆಗಾಲಕ್ಕೆ ಜಾಗ ಮಾಡಿಸಿಕೊಟ್ಟರು. ನಾನು ಕಾಲೇಜು ಮುಗಿಸಿದ್ದು ಅದರಿಂದ. ಇದನ್ನು ಮರೆತರೆ ನನ್ನಂಥ ಕೃತಘ್ನೆ ಇಲ್ಲ. ಆ ಮನೆಯಲ್ಲಿ ಒಬ್ಬಳಿಗೆ ಮಾತ್ರ ಜಾಗವಿತ್ತು. ನನ್ನ ತಂಗಿಗೆ ಸಂಕ ಬರುತ್ತದೆ ಎಂದು ಮನೆಯವರೆಲ್ಲ ಕಾದೆವು.

ಅದು ಬರುವ ಹಾಗೆಯೂ ಕಂಡಿತು. ಕೇಂದ್ರದ ಹಣದಲ್ಲಿ ಕರಾವಳಿಯ ಇಂಥ ಊರುಗಳಿಗೆ ಕಾಲುಸಂಕ ಕಟ್ಟುವ ಯೋಜನೆಯಿದೆ ಎಂದು ಮಾಸ್ತರರೇ ಪತ್ತೆಹಚ್ಚಿದರು. ಅರ್ಜಿಯನ್ನು ಅವರು ಹೇಳಿದರು, ನಾನು ಟೈಪು ಮಾಡಿದೆ, ಮೂವತ್ತು ಮನೆಯವರೂ ಸಹಿ ಹಾಕಿದರು. ಮಂಜೂರಾಯಿತು. ಒಂದು ಚಳಿಗಾಲ ಗುತ್ತಿಗೆದಾರನ ಜನ ಬಂದು ಹೊಳೆಯಲ್ಲಿ ಎರಡು ಕಂಬ ಎಬ್ಬಿಸಿದರು. ಬೇಸಿಗೆ ಮುಗಿಯುವುದರೊಳಗೆ ಅವರ ಸಾಮಾನು ಹೊತ್ತ ದೋಣಿ ವಾಪಸು ಹೋಯಿತು. ಮತ್ತೆ ಬರಲಿಲ್ಲ. ಕಂಬಗಳ ತಲೆಯ ಮೇಲೆ ನೀರುಕಾಗೆಗಳು ರೆಕ್ಕೆ ಹರವಿ ಒಣಗಿಸಿಕೊಳ್ಳತೊಡಗಿದವು. ತಂಗಿ ಏಳನೆಯ ತರಗತಿಯ ಮೊದಲಲ್ಲೇ, ಸತತ ಇಪ್ಪತ್ತು ದಿನ ದೋಣಿ ನಿಂತ ಒಂದು ಆಷಾಢದಲ್ಲಿ, ಶಾಲೆ ಬಿಟ್ಟಳು. ಈಗ ಅಮ್ಮನ ಜೊತೆ ಬಳಚು ಹೆಕ್ಕುತ್ತಾಳೆ.

ಧಾರವಾಡದಿಂದ ರಜೆಗೆ ಬಂದಾಗಲೆಲ್ಲ ನಾನು ಕಚೇರಿ ಸುತ್ತಿದೆ. ಒಂದು ಕಡೆ ಕಡತ ಹುಡುಕುತ್ತಿದ್ದೇವೆ ಎಂದರು, ಇನ್ನೊಂದು ಕಡೆ ಅದು ಕೇಂದ್ರದ ವಿಷಯ ಎಂದರು. ಕೇಂದ್ರದ ವಿಷಯವಾದರೆ ಕೇಂದ್ರವನ್ನೇ ಕೇಳೋಣ ಎಂದು ಮಾಸ್ತರರ ಮಾಳಿಗೆಗೆ ಹೋದೆ. ಅಷ್ಟರಲ್ಲಿ ಪೇಟೆಗೆ ಕಂಪ್ಯೂಟರ್ ತರಗತಿಗಳು ಬಂದು, ಹನ್ನೆರಡು ಯಂತ್ರಗಳಲ್ಲಿ ಒಂಬತ್ತಕ್ಕೆ ಬಟ್ಟೆ ಹೊದಿಸಿದ್ದರು.

"ನಿಮಗೆ ಪರಿಚಯದ ಸದಸ್ಯರು ಇದ್ದಾರಲ್ಲ. ಪ್ರಶ್ನೆ ಹಾಕಿಸುವ."

ಅವರು ಕೂಡಲೇ ಹೂಂ ಎನ್ನಲಿಲ್ಲ. "ಒಂದು ಕುದ್ರುವಿನ ಸಂಕ ಅಂದ್ರೆ ಬಾಗಿಲಲ್ಲೇ ತಿರಸ್ಕಾರ ಆಗ್ತದೆ. ಕರಾವಳಿಯ ಎಲ್ಲ ಸಂಕಗಳೂ ಅಂತ ಕೇಳ್ಬೇಕು. ಅನುಬಂಧದಲ್ಲಿ ನಮ್ಮದು ಬರ್ತದೆ," ಎಂದರು. ನಾಲ್ಕು ಭಾಗಗಳ ಕರಡನ್ನು ನಾನೇ ಬರೆದುಕೊಟ್ಟೆ. ವಾರದ ಮೇಲೆ ಅವರು ಶುದ್ಧಪ್ರತಿ ತೋರಿಸಿದಾಗ ಅದರಲ್ಲಿ ಮೂರೇ ಭಾಗಗಳಿದ್ದವು.

"ನಾಲ್ಕನೇದೆಲ್ಲಿ? ಪರಿಶೀಲಿಸಿದವರು ಯಾರು ಅಂತ ಕೇಳುವುದು?"

"ಶಬ್ದಗಳಿಗೆ ಮಿತಿ ಇದೆ ಅಲ್ಲಿ. ಉದ್ದ ಆದ್ರೆ ಅವರೇ ಕತ್ತರಿಸ್ತಾರೆ. ನಾವೇ ಕತ್ತರಿಸಿದ್ರೆ ಮರ್ಯಾದಿ."

ನಾನು ಒಪ್ಪಿದೆ. ಮೂವತ್ತು ವರ್ಷ ಅದೇ ಕೆಲಸ ಮಾಡಿದವರ ಮುಂದೆ ಶಬ್ದ ಎಣಿಸಲು ನನಗೆ ನಾಚಿಕೆಯಾಯಿತು. ಎಣಿಸಬೇಕಿತ್ತು. ಗೌರವ ಎಂಬುದು ಪ್ರಶ್ನೆಗೆ ಹಾಕುವ ಮೊದಲ ಗಿಲೋಟಿನ್ ಎಂದು ಆಗ ನನಗೆ ಗೊತ್ತಿರಲಿಲ್ಲ.

ದಕ್ಷಿಣದ ಬೇರೊಂದು ಕ್ಷೇತ್ರದ ಸದಸ್ಯರು ಆ ಪ್ರಶ್ನೆಯನ್ನು ಹಾಕಿದರು. ಲಿಖಿತ ಉತ್ತರ ಬಂತು. ಅದರ ಪ್ರತಿಯನ್ನು ಅವರು ಸೌಜನ್ಯದಿಂದ ಮಾಸ್ತರರ ವಿಳಾಸಕ್ಕೆ ಕಳಿಸಿದರು. ಅನುಬಂಧದ ಎರಡನೆಯ ಪುಟದಲ್ಲಿ ನಮ್ಮ ಕುದ್ರುವಿನ ಹೆಸರಿತ್ತು. ಅದರ ಮುಂದೆ ಒಂದೇ ಶಬ್ದ: ಪೂರ್ಣಗೊಂಡಿದೆ.

ಆ ಕಾಗದ ಹಿಡಿದುಕೊಂಡು ನಾನು ದೋಣಿಕಟ್ಟೆಯ ಮೇಲೆ ನಿಂತದ್ದು ನೆನಪಿದೆ. ಎದುರಿಗೆ ಎರಡು ಕಂಬ, ಅವುಗಳ ನಡುವೆ ಹರಿಯುವ ನೀರು. ಪ್ರಜೆಗಳ ಪರಮೋಚ್ಚ ಸಭೆಯ ಮೇಜಿನ ಮೇಲೆ ಇಟ್ಟ ಕಾಗದದ ಪ್ರಕಾರ ನಾನು ಆ ನೀರಿನ ಮೇಲೆ ನಡೆದು ಮನೆಗೆ ಹೋಗಬಹುದಿತ್ತು. ಅದಕ್ಕಿಂತ ಕೆಟ್ಟದ್ದು ಆಮೇಲೆ ಬಂತು. ಹೊಸದಾಗಿ ಸಂಕ ಮಂಜೂರು ಮಾಡಿ ಎಂದು ಬರೆದ ಅರ್ಜಿಗೆ, ಇರುವ ಸಂಕದ ಮೇಲೆ ಇನ್ನೊಂದು ಸಂಕಕ್ಕೆ ಹಣ ಕೊಡಲು ಬರುವುದಿಲ್ಲ ಎಂಬ ಉತ್ತರ ಬಂತು. ಸುಳ್ಳು ಕಟ್ಟಿದ ಸಂಕ ನಿಜವಾದ ಸಂಕಕ್ಕೆ ಅಡ್ಡ ನಿಂತಿತ್ತು. ಅದನ್ನು ಕೆಡವದೆ ಕುದ್ರುವಿನ ಒಂದು ಹೆಣ್ಣುಮಗುವೂ ಮಳೆಗಾಲದಲ್ಲಿ ಶಾಲೆಗೆ ಹೋಗುವಂತಿರಲಿಲ್ಲ.

ಮಾಹಿತಿ ಹಕ್ಕಿನ ಕಾನೂನು ಬಂದ ಮರುವರ್ಷ ನಾನು ಅರ್ಜಿ ಹಾಕಿದೆ. ಎಂಟು ತಿಂಗಳು, ಎರಡು ಮೇಲ್ಮನವಿ. ಕೊನೆಗೆ ಕುಮಟೆಯ ಕಚೇರಿಯೊಂದರ ಕಿಟಕಿಯಲ್ಲಿ ಗುಮಾಸ್ತ ನನಗೆ ಕಡತದ ನಕಲು ಕೊಟ್ಟು, "ನೋಡ್ಕಣಿ, ಎಲ್ಲ ನಿಮ್ಮೂರವ್ರೇ ಬರ್ಕೊಟ್ಟದ್ದು. ನಾವೆಂತ ಮಾಡುಕಾತದೆ?" ಎಂದ. ಬಸ್‌ಸ್ಟ್ಯಾಂಡಿನ ಬೆಂಚಿನ ಮೇಲೆ ಕುಳಿತು ಅದನ್ನು ಓದಿದೆ.

ಅದು ಸಂಕ ಪೂರ್ಣಗೊಂಡಿದೆ ಎಂಬ, ಕಂಬ ಎಬ್ಬಿಸಿದ ವರ್ಷದ ಮೇ ತಿಂಗಳ ಕೊನೆಯ ವಾರದ ಪಂಚನಾಮೆ. ದಿನಾಂಕ ನೋಡಿದೊಡನೆ ನನಗೆ ಅರ್ಥವಾಯಿತು. ಕುದ್ರುವಿನಲ್ಲಿ ಹುಟ್ಟಿದ ಯಾರಿಗಾದರೂ ಅರ್ಥವಾಗುತ್ತಿತ್ತು. ನಮ್ಮಲ್ಲಿ ಮಳೆಸಹಿ ಎಂಬ ವಾಡಿಕೆಯಿದೆ. ಜೂನ್ ಹಿಡಿದರೆ ಯಾವ ಅಧಿಕಾರಿಯೂ ಹೊಳೆ ದಾಟಿ ಬರುವುದಿಲ್ಲವಾದ್ದರಿಂದ, ಮೇ ಕೊನೆಗೆ ಓವರ್‌ಸಿಯರ್ ಒಮ್ಮೆ ಬಂದು ಮುಂದೆ ಆಗಬೇಕಾದ ಕೆಲಸಗಳೆಲ್ಲ ಆಗಿಹೋಗಿವೆ ಎಂದು ಮೂವರು ಪಂಚರಿಂದ ಮುಂಗಡವಾಗಿ ಬರೆಸಿಕೊಳ್ಳುತ್ತಾನೆ. ಬಾವಿಯ ಹೂಳು ತೆಗೆದದ್ದು, ದಂಡೆಗೆ ಕಲ್ಲು ಕಟ್ಟಿದ್ದು. ಎಷ್ಟೋ ಸಲ ಮಳೆ ಮುಗಿದ ಮೇಲೆ ಆ ಕೆಲಸ ನಡೆದದ್ದೂ ಉಂಟು. ಯಾರಿಗೂ ಅದು ಸುಳ್ಳು ಎನಿಸುತ್ತಿರಲಿಲ್ಲ; ಬಿತ್ತುವ ಮೊದಲೇ ಹೊಸ ಅಕ್ಕಿಯ ಪಾಯಸ ಉಂಡಂತೆ ಇದೆಂದು ತಮಾಷೆ ಮಾಡುತ್ತಿದ್ದರು. ಪಂಚರಾಗುವುದೂ ಊರಿನ ಮರ್ಯಾದೆ. ಹಿರಿಯರು ಮನೆಗೆ ಹೋಗಿ ಕರೆಯಬೇಕು, ಕುರ್ಚಿ ಹಾಕಬೇಕು, ಅವಲಕ್ಕಿ ಚಹಾ ಕೊಡಬೇಕು.

ಮೂವರು ಪಂಚರಲ್ಲಿ ಒಬ್ಬರು ಊರ ಹಿರಿಯರು. ನಾನು ಇದನ್ನು ಓದುವ ಹೊತ್ತಿಗೆ ತೀರಿಕೊಂಡಿದ್ದರು. ಇನ್ನೊಬ್ಬ ದೋಣಿಯವ, ಹೆಬ್ಬೆಟ್ಟು. ಮೂರನೆಯ ಸಹಿ ಮಾಸ್ತರರದು. ಅಷ್ಟೇ ಆಗಿದ್ದರೆ, ಓದದೆ ಹಾಕಿದ್ದಾರೆ ಎಂದು ನನ್ನ ಮನಸ್ಸು ಒಂದು ಮರೆ ಹುಡುಕಿಕೊಳ್ಳುತ್ತಿತ್ತು. ಆದರೆ ಕಾಗದದ ನಡುವೆ, ಜಾಗದ ಸರ್ವೆ ನಂಬರು ತಪ್ಪಾಗಿದ್ದಲ್ಲಿ, ಯಾರೋ ಅದನ್ನು ಒಂದೇ ಗೆರೆಯಿಂದ ಹೊಡೆದು, ಸರಿಯಾದ ನಂಬರು ಬರೆದು, ಪಕ್ಕದಲ್ಲಿ ಚಿಕ್ಕ ಸಹಿ ಹಾಕಿದ್ದರು. ದೆಹಲಿಯ ಶಾಖೆಯಲ್ಲಿ ಕಲಿತ ಕ್ರಮ. ಇಲ್ಲದ ಸಂಕಕ್ಕೆ ಅವರು ಸರಿಯಾದ ಜಾಗ ತೋರಿಸಿಕೊಟ್ಟಿದ್ದರು.

ಮರುದಿನ ಬೆಳಿಗ್ಗೆ ಮಾಳಿಗೆ ಹತ್ತಿದೆ. ಅವರೊಬ್ಬರೇ ಇದ್ದರು. ಕಾಗದವನ್ನು ಮೇಜಿನ ಮೇಲಿಟ್ಟೆ. ಕನ್ನಡಕ ಹಾಕಿಕೊಂಡು ಮೊದಲಿನಿಂದ ಕೊನೆಯವರೆಗೆ ಓದಿದರು.

"ನಿಮ್ಮ ಸಹಿಯಾ?"

"ಹೌದು."

"ಓದಿ ಹಾಕಿದ್ದಾ?"

"ಓದದೆ ನಾನು ಸಹಿ ಹಾಕುದಿಲ್ಲ ಅಂತ ನಿಂಗೆ ಗೊತ್ತದೆ." ಅವರು ಕನ್ನಡಕ ತೆಗೆದರು. "ದಿಲ್ಲಿಂದ ಬಂದು ನಾಕು ವರ್ಷ ಆಗಿತ್ತು. ಅಷ್ಟರ ತನಕ ಇಲ್ಲಿಯವ್ರಿಗೆ ನಾನು ದಿಲ್ಲಿಯವ. ಮದುವೆಗೆ ಕರೀತಿದ್ರು, ಪಂಕ್ತಿಲಿ ಕೂಡ್ರಿಸ್ತಿದ್ರು. ಊರಿನ ಮಾತಿಗೆ ಮಾತ್ರ ಕರೀತಿರ್ಲಿಲ್ಲ. ಆ ದಿನ ನಾಲ್ಕು ಜನ ಬಾಗಿಲಿಗೆ ಬಂದ್ರು. ಪಂಚರಾಗಿ ನೀವು ಬರ್ಬೇಕು ಅಂದ್ರು. ನಾನು ಅಂಗಿ ಬದಲಿಸ್ಕಂಡು ಹೋದೆ."

"ಸಂಕ ಮುಗಿದಿದೆ ಅಂತ ಬರೆದಿತ್ತು."

"ಮಳೆ ಬಿಟ್ಟ ಮೇಲೆ ಮುಗಿಸ್ತೇವೆ ಅಂದ್ರು."

"ಆ ಆಶ್ವಾಸನೆಯನ್ನು ಹಲಗೆಗೆ ಬರೆದ್ರಾ?"

ಕೆಳಗಿನ ಅಂಗಡಿಯಲ್ಲಿ ಯಾರೋ ಬಟ್ಟೆ ಹರಿಯುವ ಸದ್ದು ಕೇಳಿತು.

"ಮತ್ತೆ ಪ್ರಶ್ನೆಯ ನಾಲ್ಕನೇ ಭಾಗ?"

"ಶಬ್ದ ಮಿತಿ..."

"ಮಾಸ್ತರೆ, ನಾನು ಈಗ ಎಣಿಸಿ ನೋಡಿದ್ದೇನೆ. ಬೇಕಾದಷ್ಟು ಜಾಗ ಇತ್ತು."

ಅವರು ಕಾಗದವನ್ನು ನನ್ನ ಕಡೆಗೆ ಸರಿಸಿ ಹೇಳಿದ್ದು ಇಷ್ಟು: "ಉತ್ತರದಲ್ಲಿ ನನ್ನ ಹೆಸರು ಬರ್ತಿತ್ತು. ಆ ಶಾಖೆಲಿ ನಾನು ಕಲಿಸಿದ ಹುಡುಗ್ರು ಇನ್ನೂ ಇದ್ರು. ಅವರ ಕಣ್ಣಿಗೆ ಬೀಳ್ತಿತ್ತು ಅದು."

ಲಂಚವನ್ನು ನಾನು ಅರ್ಥಮಾಡಿಕೊಳ್ಳಬಲ್ಲೆ. ಅದಕ್ಕೆ ಕಾನೂನಿದೆ, ಕಲಮಿದೆ. ಇವರು ಒಂದು ಪೈಸೆಯನ್ನೂ ಮುಟ್ಟಲಿಲ್ಲ. ಒಂದು ಕುರ್ಚಿಗಾಗಿ, ಒಂದು ತಟ್ಟೆ ಅವಲಕ್ಕಿಗಾಗಿ, ನಮ್ಮವನು ಎನ್ನಿಸಿಕೊಳ್ಳುವ ಸುಖಕ್ಕಾಗಿ ಕೊಟ್ಟರು. ಕೊಟ್ಟದ್ದು ತಮ್ಮದನ್ನಲ್ಲ, ನನ್ನ ತಂಗಿಯ ಶಾಲೆಯನ್ನು. ಬಳಿಕ ಆ ಸುಖದ ಮೇಲೆ ಬೆಳಕು ಬೀಳದಿರಲಿ ಎಂದು, ತಾವೇ ಕಲಿಸಿದ ಪ್ರಶ್ನೆಯ ಚಿಲಕವನ್ನು ತಾವೇ ಕಿತ್ತುಕೊಟ್ಟರು. ಸಂಸತ್ತಿನಲ್ಲಿ ಸಚಿವರು ಸುಳ್ಳು ಹೇಳಿದರೆಂದು ನಾವು ಕೂಗಾಡುತ್ತೇವೆ. ಅವರು ಹೆಚ್ಚಿನ ಸಲ ಓದುತ್ತಾರೆ ಅಷ್ಟೇ. ಆ ಸುಳ್ಳು ಹುಟ್ಟಿದ್ದು ಎರಡು ಸಾವಿರ ಕಿಲೋಮೀಟರ್ ಈಚೆಗೆ, ದೋಣಿಕಟ್ಟೆಯ ಮೇಲೆ, ಮೂವರು ಮರ್ಯಾದಸ್ಥರ ಕೈಯಲ್ಲಿ.

ಒಂದು ದಾರಿ ಉಳಿದಿತ್ತು. ಸಂಕ ಕಟ್ಟಿಲ್ಲ, ಮುಂಗಡವಾಗಿ ಸಹಿ ಹಾಕಿದ್ದೆ ಎಂದು ಅವರೊಂದು ಹೇಳಿಕೆ ಕೊಟ್ಟರೆ ಆ ಪಂಚನಾಮೆ ಬೀಳುತ್ತಿತ್ತು. ಅವರಂಥವರ ಮಾತನ್ನು ತಳ್ಳಿಹಾಕುವ ಧೈರ್ಯ ಯಾವ ಕಚೇರಿಗೂ ಇರಲಿಲ್ಲ. ಕೇಳಿದೆ.

"ಕೊಡ್ತೆ," ಎಂದರು. "ಎರಡು ದಿನ ಕೊಡು. ಸರಿಯಾಗಿ ಬರೀಬೇಕು ಅದನ್ನ."

ಎರಡು ದಿನ ಎರಡು ವಾರವಾಯಿತು. ಒಮ್ಮೆ ಮೈ ಸರಿಯಿಲ್ಲ ಎಂದರು, ಒಮ್ಮೆ ವಕೀಲರನ್ನು ಕೇಳಬೇಕು ಎಂದರು. ಮೂರನೆಯ ಸಲ ಹೋದಾಗ ನಾನು ಸೀಮೆಸುಣ್ಣ ತೆಗೆದುಕೊಂಡು ಹಲಗೆಯ ಮೇಲೆ, ರಿಬ್ಬನ್ನಿನ ವ್ಯಾಪಾರಿಯ ಹೆಸರಿನ ಕೆಳಗೆ, ಬರೆದೆ: ಮಾಸ್ತರರು. ಹೇಳಿಕೆ. ಎರಡು ದಿನ. ದಿನಾಂಕ ಹಾಕಿದೆ. ಅವರು ನೋಡುತ್ತ ಕುಳಿತಿದ್ದರು. ಅಳಿಸು ಎನ್ನಲಿಲ್ಲ. ಆಮೇಲೂ ಅಳಿಸಲಿಲ್ಲವಂತೆ. ರಿಬ್ಬನ್ನಿನವನು ಅದನ್ನು ನೋಡಿ, "ಅರೆ ಮಾಸ್ತರೆ, ನೀವೂ ಬಂದ್ರಾ ನನ್ನ ಸಾಲಿಗೆ" ಎಂದು ನಕ್ಕನಂತೆ. ಅವರು ನಗಲಿಲ್ಲವಂತೆ. ಹಾಗೆ ಒಂದೂವರೆ ವರ್ಷ.

ಅವರು ತೀರಿಕೊಂಡದ್ದು ಕುಮಟೆಯಲ್ಲಿ, ಮಗಳ ಮನೆಯಲ್ಲಿ, ದೀಪಾವಳಿ ಕಳೆದ ಮೇಲೆ. ಕುದ್ರುವಿನ ಮಣ್ಣಿಗೇ ತರಬೇಕು ಎಂದಿದ್ದರಂತೆ. ದೋಣಿಯಲ್ಲಿ ತಂದೆವು. ಕಂಬಗಳ ನಡುವೆ ಹಾದು ಬರುವಾಗ ದೋಣಿಯಲ್ಲಿದ್ದ ಯಾರೂ ತಲೆಯೆತ್ತಲಿಲ್ಲ, ಊರಿಗೆಲ್ಲ ಗೊತ್ತಿತ್ತು. ಆದರೂ ಮೂವತ್ತು ಮನೆಯವರೂ ದಡಕ್ಕೆ ಬಂದಿದ್ದರು. ಅವರು ಬಯಸಿದ್ದು ಅವರಿಗೆ ಸಿಕ್ಕಿತು.

ಹನ್ನೊಂದನೆಯ ದಿನ ಅವರ ಹೆಂಡತಿಯ ಬಳಿ ಹೋದೆ. ಬರೆದಿಟ್ಟ ಹೇಳಿಕೆಯೊಂದು ಪೆಟ್ಟಿಗೆಯಲ್ಲಿರಬಹುದು ಎಂಬ ಆಸೆ ನನಗಿತ್ತು. ನಾನು ಬಾಯಿ ತೆರೆಯುವ ಮೊದಲೇ ಅವರು, "ಎಂತದೂ ಇಲ್ಲ. ನೀ ಬತ್ತೆ ಅಂತ ಗೊತ್ತಿತ್ತು, ಎಲ್ಲ ಹುಡ್ಕಿದೆ. ಹಾಳೆ ಹಾಕ್ತಿದ್ರು, ತಲೆ ಬರಹ ಹೊಡೀತಿದ್ರು, ತೆಗೀತಿದ್ರು. ಒಲೆಗೆ ಅದೇ ಹಾಕ್ದೆ ನಾನು" ಎಂದರು.

ಬದುಕಿದ್ದ ಪಂಚ ಈಗ ದೋಣಿಯವನೊಬ್ಬನೇ. ಅವನನ್ನು ಕೇಳಲು ನನಗೆ ಬಾಯಿ ಬರುತ್ತಿರಲಿಲ್ಲ. ಸಂಕವಾದರೆ ಅವನ ದೋಣಿಗೆ ಜನವಿಲ್ಲ. ಆದರೂ ಕೇಳಿದೆ.

"ನಂಗೆ ಪ್ರಾಯ ಆತು ಮಗಾ," ಎಂದ ಅವನು. "ಹುಟ್ಟು ಹಾಕುಕೆ ರಟ್ಟೆ ಇಲ್ಲ. ಎಂತ ಒತ್ತಬೇಕು ಕೊಡು. ಮೊದಲು ಓದಿ ಹೇಳು ಮತ್ತೆ."

ಓದಿದೆ. ಅವನು ಕಿವಿಗೊಟ್ಟು ಕೇಳಿದ.

"ಅಂದೂ ಓದಿ ಹೇಳಿದ್ರಾ?" ಎಂದು ಕೇಳಿದೆ.

"ಮಾಸ್ತರ್ರಾ? ಪೂರ್ತಿ ಓದಿದ್ರು. ಚಲೋ ಓದಿದ್ರು, ರೇಡಿಯೋದಂಗೆ. ಸಂಕ ಆಗದೆ ಅಂದಾಗ ನಂಗೆ ನಗು ಬಂತು. ಮತ್ತೆ ಅಂದ್ಕಂಡೆ, ದಿಲ್ಲಿಲಿ ಇದ್ದವ್ರು ಓದ್ತಿದ್ರು. ಕಾಗದದಲ್ಲಿ ಹಂಗೇ ಬರಿಯುದಾಗಿರ್ಬೇಕು."

ಅವನು ಹೆಬ್ಬೆಟ್ಟು ಒತ್ತಿ, ಬೆರಳನ್ನು ದೋಣಿಯ ಅಂಚಿಗೆ ಒರೆಸಿಕೊಂಡ.

ಹೆಬ್ಬೆಟ್ಟಿನ ಹೇಳಿಕೆಯೊಂದೇ ಸಾಲದು ಎಂದು ನನಗೆ ಗೊತ್ತಿತ್ತು. ಹೊಸ ಅರ್ಜಿಯಲ್ಲೂ, ಸದಸ್ಯರಿಗೆ ಮತ್ತೆ ಕಳಿಸುವ ಪ್ರಶ್ನೆಯ ಜೊತೆಗಿಡುವ ಟಿಪ್ಪಣಿಯಲ್ಲೂ, ಸ್ಥಳ ಪರಿಶೀಲಿಸಿದವರು ಯಾರೆಂದು ನಾನೇ ಬರೆಯಬೇಕು. ತೀರಿಹೋದವರ ಮೇಲೆ, ನನಗೆ ಅನ್ನದ ದಾರಿ ತೋರಿಸಿದವರ ಮೇಲೆ, ಸುಳ್ಳು ಸಾಕ್ಷಿಯ ಮಾತು. ಹೇಳದೆ ಮಾಡಲು ಮನಸ್ಸಾಗದೆ ಇನ್ನೊಮ್ಮೆ ಅವರ ಹೆಂಡತಿಯ ಬಳಿ ಹೋದೆ. ಅಕ್ಕಿ ಆರಿಸುತ್ತ ಅವರು ಎಲ್ಲವನ್ನೂ ಕೇಳಿದರು.

"ನಂಗೆ ಬರುವ ಪಿಂಚಣಿಗೆ ಎಂತಾರೂ ತೊಂದ್ರೆ ಆತದಾ ಇದ್ರಿಂದ?"

"ಇಲ್ಲ. ಅದಕ್ಕೂ ಇದಕ್ಕೂ ಸಂಬಂಧವಿಲ್ಲ."

ಮೊರದಿಂದ ಒಂದು ಕಲ್ಲು ಹೆಕ್ಕಿ ಆಚೆಗೆಸೆದರು. "ಹಂಗಾರೆ ಬರಿ. ನಂಗೆ ಓದಿ ಹೇಳುದು ಬ್ಯಾಡ."

ಈ ಬರಹದಲ್ಲಿ ಅವರ ಹೆಸರನ್ನು ನಾನು ಎಲ್ಲಿಯೂ ಬರೆದಿಲ್ಲ. ಕಲಿಸಿದವರನ್ನು ಹೆಸರು ಹಿಡಿದು ಕರೆಯದಿರುವುದು ನಮ್ಮ ಕಡೆಯ ರೂಢಿ. ನೆನೆಯುವಾಗ ಅದನ್ನು ಮೀರಲು ನನಗೆ ಆಗಲಿಲ್ಲ. ಅರ್ಜಿಯಲ್ಲಿ ಬರೆದಿದ್ದೇನೆ. ಪೂರ್ತಿ ಹೆಸರು, ತಂದೆಯ ಹೆಸರು, ಕುದ್ರುವಿನ ಮನೆಯ ಸಂಖ್ಯೆ, ದೆಹಲಿಯಲ್ಲಿದ್ದ ಹುದ್ದೆ, ಮುಂದೆ 'ಮೃತರು' ಎಂದು. ಅದನ್ನು ಟೈಪು ಮಾಡುವಾಗ ಕಣ್ಣು ಮಂಜಾಗಿ ಕೀಲಿಗಳು ಕಾಣುತ್ತಿರಲಿಲ್ಲ. ಆದರೂ ಒಂದಕ್ಷರ ತಪ್ಪಲಿಲ್ಲ. ನೋಡದೆ ಹೊಡೆಯುವುದನ್ನು ನನಗೆ ಕಲಿಸಿದವರು ಅವರು.